ಕೂತವರ ಕತ್ತು

ನಮ್ಮ ಕಡೆ ನೋವಿಗೂ ಅರ್ಹತೆ ಬೇಕು. ಗದ್ದೆ ನಾಟಿ ಮಾಡಿ ಬಂದವರಿಗೆ ಸೊಂಟ ನೋಯಬಹುದು. ಹಂಡೆಯಲ್ಲಿ ಬಿಸಿನೀರು ಕಾದಿರುತ್ತದೆ. ಅಡಿಕೆ ಮೂಟೆ ಹೊತ್ತವರಿಗೆ ಬೆನ್ನು ಹಿಡಿದುಕೊಳ್ಳಬಹುದು. ಎಣ್ಣೆ ಬಟ್ಟಲು ತಾನಾಗಿ ಎದುರು ಬರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ಮೇಲೆ ಪಂಕ್ತಿ ಬಗ್ಗಿ ಬಡಿಸಿದವರಿಗೂ ಮರುದಿನ ಹಾಸಿಗೆಯಲ್ಲಿ ಹೊರಳಾಡಲು ಅನುಮತಿಯುಂಟು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ ತನಕ ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ, ಕಂಪ್ಯೂಟರಿನ ಮುಂದೆ ಕೂತೆದ್ದು ಬಂದವನು ಕತ್ತು ನೋವು ಎಂದರೆ ಯಾರೂ ನಂಬುವುದಿಲ್ಲ. "ಕೂತವನಿಗೆ ಎಂತ ನೋವೋ ಮಾರಾಯ?" ಎನ್ನುತ್ತಾಳೆ ಅಮ್ಮ. ಅವಳು ಕೊಟ್ಟಿಗೆ, ತೋಟ, ಒಲೆ ಮೂರನ್ನೂ ಕಂಡವಳು. ಅವಳ ಲೆಕ್ಕದಲ್ಲಿ ಕೂರುವುದೆಂದರೆ ಕೆಲಸವೆಲ್ಲ ಮುಗಿದ ಮೇಲಿನ ಸಂಗತಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಗಾದೆ ಮಾಡಿದ ಹಿರಿಯರೂ ಅವಳ ಪಕ್ಷವೇ. ಕೂತು ದುಡಿಯುವವನೊಬ್ಬ ಮುಂದೆ ಹುಟ್ಟಿಬಂದಾನು ಎಂಬ ಅನುಮಾನ ಅವರಿಗೆ ಬಂದಂತಿಲ್ಲ.

ಅಂಥವನು ನಾನು. ಮಲೆನಾಡಿನ ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಇಲಾಖೆಯ ಹೆಸರು ಬೇಡ, ಬಡ್ತಿ ಪಟ್ಟಿ ಇನ್ನೂ ಅಂತಿಮವಾಗಿಲ್ಲ. ನಮ್ಮಲ್ಲಿ ಬೆಳಗಿನ ಕುಶಲೋಪರಿ ಶುರುವಾಗುವುದೇ ಅಂಗಾಂಗಗಳಿಂದ. "ಹೆಗಲು ಹೇಗಿದೆ ಮೇಡಂ?" "ಎಡಗಡೆ ಪರವಾಗಿಲ್ಲ ಸಾರ್. ಬಲಗಡೆದು ಆಡಿಟ್ ಮುಗಿಯೋ ತನಕ ಹೀಗೇ." ಸಂಬಳ ಬಿಲ್ಲಿನ ಕೇಸ್ ವರ್ಕರಿಗೆ ತಿಂಗಳ ಕೊನೆ ಹತ್ತಿರ ಬಂದಂತೆ ಮಣಿಕಟ್ಟು ನೋವು. ಟಪಾಲು ಮೇಜಿಗೆ ಕಣ್ಣುರಿ. ಸೂಪರಿಂಟೆಂಡೆಂಟರಿಗೆ ಸೊಂಟ. ಸಾಹೇಬರೊಬ್ಬರಿಗೆ ಏನೂ ಇಲ್ಲ. ಅವರ ಕಂಪ್ಯೂಟರನ್ನು ನಾವೇ ಆನ್ ಮಾಡಿ ನಾವೇ ಆಫ್ ಮಾಡುತ್ತೇವೆ.

ರೋಗದ ಮೂಲ ಮೇಜಿನಲ್ಲಿದೆ. ಸಾಗುವಾನಿಯ ಭದ್ರವಾದ ಮೇಜು, ಸುಮಾರು 30 ಅಂಗುಲ ಎತ್ತರ, ಲೆಡ್ಜರ್ ಬರೆಯಲೆಂದು ಮಾಡಿಸಿದ್ದು. ಪೆನ್ನು ಹಿಡಿದು ಬರೆಯುವವನಿಗೆ ಆ ಎತ್ತರ ಹಿತ. ಕೀಲಿಮಣೆಯ ಲೆಕ್ಕವೇ ಬೇರೆ: ಹೆಗಲು ಇಳಿಬಿಟ್ಟು ಕೈ ಮಡಿಸಿದರೆ ಮೊಣಕೈ ಎಲ್ಲಿ ಬರುತ್ತದೋ ಕೀಲಿಗಳೂ ಆ ಮಟ್ಟದಲ್ಲಿರಬೇಕು. ಅದಕ್ಕೇ ಹಿಂದೆಲ್ಲ ಟೈಪಿಸ್ಟರ ಮೇಜು ಉಳಿದವರದಕ್ಕಿಂತ ಮೂರ್ನಾಲ್ಕು ಅಂಗುಲ ಗಿಡ್ಡ. ನಮ್ಮಲ್ಲೂ ಅಂಥ ಗಿಡ್ಡ ಮೇಜುಗಳಿದ್ದವಂತೆ. ಕಂಪ್ಯೂಟರ್ ಬಂದ ವರ್ಷ, ಟೈಪ್‌ರೈಟರೇ ಹೋದ ಮೇಲೆ ಅದರ ಮೇಜಿಗೇನು ಕೆಲಸವೆಂದು ಅವನ್ನು ಗುಜರಿಗೆ ಹರಾಜು ಹಾಕಿ, ಬಂದ ಹಣವನ್ನು ಖಜಾನೆಗೆ ಕಟ್ಟಿ, ಚಲನ್ ಅನ್ನು ಫೈಲಿಗೆ ಸೇರಿಸಿದರು. ಚಲನ್ ಈಗಲೂ ಭದ್ರವಾಗಿದೆ.

ಎತ್ತರದ ಮೇಜಿನ ಮೇಲೆ ಕೀಲಿಮಣೆ ಇಟ್ಟರೆ ಕೈ ಮೇಲೇರುತ್ತದೆ, ಕೈಯ ಜೊತೆಗೆ ಹೆಗಲೂ ಕಿವಿಯ ಕಡೆ ಹೊರಡುತ್ತದೆ. ಕೌಂಟರಿನ ಆಚೆ ನಿಂತವರಿಗೆ ಇದು ಕಾಣುವ ಬಗೆ ಬೇರೆ. ಹೆಗಲೆತ್ತಿ ಕೂತ ಗುಮಾಸ್ತ "ನಂಗೇನ್ರೀ ಗೊತ್ತು" ಎನ್ನುತ್ತಿದ್ದಾನೆ ಎಂದೇ ಅವರ ತಿಳುವಳಿಕೆ. ಸರ್ಕಾರಿ ನೌಕರರ ಉಡಾಫೆಯ ಬಗ್ಗೆ ವಾಚಕರ ವಾಣಿಯಲ್ಲಿ ಬರುವ ಪತ್ರಗಳಲ್ಲಿ ಅರ್ಧದಷ್ಟಾದರೂ ಮೇಜಿನ ಎತ್ತರದ ಬಗ್ಗೆ ಬರೆದವು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಕತ್ತು ಎಡಕ್ಕೆ ತಿರುಗುವುದನ್ನು ನಿಲ್ಲಿಸಿದಾಗ ಜಿಲ್ಲಾ ಕೇಂದ್ರದ ಒಬ್ಬ ಫಿಜಿಯೊಥೆರಪಿಸ್ಟ್ ಬಳಿ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಬೆನ್ನ ಮೇಲೆ ಹೆಬ್ಬೆರಳಿಟ್ಟು ಒತ್ತಿ, ನಾನು ಕೂಗಿದ್ದನ್ನು ಖುಷಿಯಿಂದ ಬರೆದುಕೊಂಡು, "ಅಂಕಲ್, ಮೂಟೆ ಹೊರೋರಿಗಿಂತ ನಿಮ್ಮ ಹೆಗಲಿಗೇ ಕಷ್ಟ ಜಾಸ್ತಿ" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ಮೂಟೆ ಹೊರುವವನ ಸ್ನಾಯು ಹೊತ್ತಾಗ ಬಿಗಿಯುತ್ತದೆ, ಇಳಿಸಿದಾಗ ಸಡಿಲವಾಗುತ್ತದೆ, ಆ ಸಡಿಲದಲ್ಲಿ ರಕ್ತ ಓಡಾಡಿ ಚೇತರಿಸಿಕೊಳ್ಳುತ್ತದೆ. ಟೈಪ್ ಮಾಡುವವನ ಹೆಗಲು ಬಿಗಿಯುವುದು ಸ್ವಲ್ಪವೇ. ಆದರೆ ಬಿಡುವುದೇ ಇಲ್ಲ. ಸ್ವೀಡನ್ನಿನ ಯೋರಾನ್ ಹೆಗ್ ಎಂಬ ವಿಜ್ಞಾನಿ 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರಂತೆ. ಸ್ನಾಯುವಿನಲ್ಲಿ ಕೆಲವು ಸಣ್ಣ ಎಳೆಗಳಿರುತ್ತವೆ. ಕೆಲಸ ಎಷ್ಟೇ ಹಗುರವಾಗಿರಲಿ, ಮೊದಲು ಏಳುವುದು ಅವು. ಎಲ್ಲ ಮುಗಿದ ಮೇಲೆ ಕಡೆಗೆ ಮಲಗುವುದೂ ಅವೇ. ದೊಡ್ಡ ಎಳೆಗಳನ್ನು ಕರೆಯುವುದು ಭಾರ ಬಂದಾಗ ಮಾತ್ರ. ಮಲತಾಯಿಯ ಮನೆಯಲ್ಲಿ ಗೇಯ್ದ ಸಿಂಡರೆಲಾಳ ಹೆಸರನ್ನೇ ಆ ವಾದಕ್ಕೆ ಇಟ್ಟಿದ್ದಾರೆ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ, ಕೇಳಿದ ಕೂಡಲೇ ಗುರುತು ಸಿಕ್ಕಿತು: ನಮ್ಮ ಕಚೇರಿಯ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್! ಬೀಗ ತೆಗೆಯುವಾಗ ಇರುತ್ತಾನೆ, ಬೀಗ ಹಾಕುವಾಗಲೂ ಇರುತ್ತಾನೆ. ನಡುವೆ ಯಾರಿಗೂ ಕಾಣಿಸುವುದಿಲ್ಲ.

ಫಿಜಿಯೊ ಹುಡುಗಿಯೇ ಇನ್ನೊಂದು ಲೆಕ್ಕ ಹೇಳಿದಳು. ಮನುಷ್ಯನ ತಲೆ ನೆಟ್ಟಗಿದ್ದಾಗ ತೂಕ ಐದು ಕೆ.ಜಿ. ಆಸುಪಾಸು. ಮುಂದಕ್ಕೆ ಬಗ್ಗಿಸಿದಷ್ಟೂ ಕತ್ತಿನ ಮೇಲೆ ಬೀಳುವ ಭಾರ ಏರುತ್ತದೆ. 60 ಡಿಗ್ರಿ ಬಗ್ಗಿಸಿದರೆ ಸುಮಾರು 27 ಕೆ.ಜಿ. ಎಂದು ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹಂಸರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಅಂದರೆ ಒಂದು ಚೀಲ ಸೋನಾ ಮಸೂರಿ. (ಚೀಲ ಈಗ 26 ಕೆ.ಜಿ. 2022ರಲ್ಲಿ 25 ಕೆ.ಜಿ.ವರೆಗಿನ ಪ್ಯಾಕಿಗೆ ಜಿಎಸ್‌ಟಿ ಬಂದಾಗ ಅಕ್ಕಿ ತಾನಾಗಿ ಒಂದು ಕೆ.ಜಿ. ದಪ್ಪವಾಯಿತು.) ಫೋನು ನೋಡುವಾಗ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಕುಟ್ಟುವಾಗ ನಾವು ಹೊತ್ತಿರುವುದು ಇದನ್ನೇ. ಲ್ಯಾಪ್‌ಟಾಪಿನಲ್ಲಂತೂ ಬಚಾವಾಗುವ ದಾರಿಯೇ ಇಲ್ಲ. ಪರದೆ, ಕೀಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕಣ್ಣಿಗೆ ಸರಿಯಾಗಿ ಇಟ್ಟರೆ ಕೈ ಸಾಯುತ್ತದೆ, ಕೈಗೆ ಸರಿಯಾಗಿ ಇಟ್ಟರೆ ಕತ್ತು. ಅಂತೂ ವಿಜ್ಞಾನದ ಬೆಂಬಲ ಸಿಕ್ಕಿತೆಂದು ಮನೆಗೆ ಬಂದವನೇ ಅಮ್ಮನಿಗೆ ಹೇಳಿದೆ: "ದಿನಾ ಒಂದು ಚೀಲ ಅಕ್ಕಿ ಕತ್ತಿನ ಮೇಲೆ ಹೊತ್ಕೊಂಡೇ ಕೆಲ್ಸ ಮಾಡ್ತೀನಂತೆ ಅಮ್ಮ." ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಹಂಗಾರೆ ನಾಳೆ ಬರ್ತಾ ಮನೆಗೇ ತಂದ್ಬಿಡು. ಅಕ್ಕಿ ತಳ ಕಂಡಿದೆ" ಎಂದಳು.

ತಲೆ ಬಗ್ಗಿಸುವವರದ್ದು ಒಂದು ಪಾಡಾದರೆ ಎತ್ತುವವರದ್ದು ಇನ್ನೊಂದು. ನಲವತ್ತು ದಾಟಿ ಚಾಳೀಸು ಬಂದವರ ಕನ್ನಡಕದಲ್ಲಿ ಹತ್ತಿರದ್ದನ್ನು ಓದುವ ಗಾಜು ಕೆಳಗಿರುತ್ತದೆ. ಪುಸ್ತಕಕ್ಕೆ ಅದು ಸರಿ. ಎದುರಿಗೆ ನೆಟ್ಟಗೆ ನಿಂತ ಪರದೆಯನ್ನು ಕೆಳಗಿನ ಗಾಜಿನಲ್ಲಿ ನೋಡಬೇಕಾದರೆ ಗದ್ದ ಮೇಲೆತ್ತಬೇಕು, ಕತ್ತು ಹಿಂದಕ್ಕೆ ಮುರಿಯಬೇಕು. ನಮ್ಮ ಸೂಪರಿಂಟೆಂಡೆಂಟರು ಹೀಗೆ ಗದ್ದವೆತ್ತಿ, ಬಾಯಿ ಸ್ವಲ್ಪ ತೆರೆದು, ಆಕಾಶದಿಂದ ಏನೋ ಬೀಳಲಿದೆ ಎಂಬಂತೆ ಕೂತಿರುತ್ತಿದ್ದರು. ಅದಕ್ಕೆ ತಕ್ಕಂತೆ, ಪರದೆ ಕಣ್ಣಿನ ಮಟ್ಟಕ್ಕಿರಬೇಕೆಂದು ಯಾರೋ ಹೇಳಿದ್ದನ್ನು ನಂಬಿ ಮಾನಿಟರಿನ ಕೆಳಗೆ ಕೆ.ಸಿ.ಎಸ್.ಆರ್. ಎಂಬ ಸೇವಾ ನಿಯಮಗಳ ಪುಸ್ತಕದ ಸಂಪುಟಗಳನ್ನು ಇಟ್ಟುಕೊಂಡಿದ್ದರು. ಇಂಥ ಕನ್ನಡಕದವರು ಮಾನಿಟರನ್ನು ಉಳಿದವರಿಗಿಂತ ಕೆಳಗಿಟ್ಟುಕೊಳ್ಳಬೇಕು ಎಂದು ನಾನು ಫಿಜಿಯೊಥೆರಪಿ ವಿದ್ಯೆ ಪ್ರದರ್ಶಿಸಿದೆ. ಸಂಪುಟಗಳನ್ನು ತೆಗೆದೆವು. ಅವರ ಕತ್ತು ಎಷ್ಟೋ ಹಗುರವಾಯಿತು. ಆದರೆ ಪುಸ್ತಕ ಕೈಗೆ ಸಿಕ್ಕಿದ್ದರಿಂದ ಅದನ್ನು ಓದಲಾರಂಭಿಸಿ, ನನ್ನ ಎರಡು ರಜೆ ಅರ್ಜಿಗಳನ್ನು ನಿಯಮ ತೋರಿಸಿ ವಾಪಸು ಕಳಿಸಿದರು.

ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡುವವರಿಗೆ ಗೊತ್ತಿಲ್ಲದ ಕಷ್ಟಗಳು ಕನ್ನಡದಲ್ಲಿವೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ ನಿಜಕ್ಕೂ ಜಾಣತನದ್ದು, ನುಡಿ ತಂತ್ರಾಂಶದಲ್ಲಿ ಬೆರಳಿಟ್ಟವರೆಲ್ಲ ಅದಕ್ಕೆ ಋಣಿಗಳು. ಅಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು. ಅದು ಎಡಗೈ ತೋರುಬೆರಳಿನ ಸ್ವಸ್ಥಾನ. ಹೀಗಾಗಿ ಕನ್ನಡದ ಸಮಸ್ತ ಒತ್ತಕ್ಷರಗಳ ಭಾರ ಆ ಒಂದೇ ಬೆರಳಿನ ಮೇಲೆ. ಸರ್ಕಾರಿ ಕನ್ನಡದಲ್ಲಿ ಒತ್ತಿಲ್ಲದ ಪದ ಹುಡುಕುವುದೇ ಕಷ್ಟ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅಗತ್ಯ ಕ್ರಮಕ್ಕಾಗಿ ಸಲ್ಲಿಸಿದೆ" ಎಂದು ಒಮ್ಮೆ ಹೊಡೆದು ನೋಡಿ, ಆ ಬೆರಳಿನ ಗತಿ ತಿಳಿಯುತ್ತದೆ. ಮಹಾಪ್ರಾಣಕ್ಕೆ ಇನ್ನೊಂದು ಬಲಿ: ಕ ಖ ಆಗಬೇಕಾದರೆ, ದ ಧ ಆಗಬೇಕಾದರೆ ಶಿಫ್ಟ್ ಹಿಡಿಯಬೇಕು, ಅದನ್ನು ಹಿಡಿಯುವುದು ಕಿರುಬೆರಳು. ಬರಹದಲ್ಲಿ ಮಹಾಪ್ರಾಣ ಬಿಡೋಣ ಎಂದು ಡಿ. ಎನ್. ಶಂಕರ ಭಟ್ಟರು ಹೇಳಿದಾಗ ನಾಡಿನ ಅನೇಕ ಪಂಡಿತರು ವಿರೋಧಿಸಿದರು. ನಾನೂ ತಾತ್ವಿಕವಾಗಿ ವಿರೋಧಿಯೇ. ನನ್ನ ಕಿರುಬೆರಳು ಮಾತ್ರ ಅಂದಿನಿಂದ ಅವರ ಅನುಯಾಯಿ.

ನಮ್ಮ ಸಂಬಳ ಬಿಲ್ಲಿನ ಮೇಡಂಗೆ ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಪೂರ್ತಿ; ಉಂಗುರ ಬೆರಳು ಅರ್ಧ. ಕಿರುಬೆರಳಿಗೆ ಏನೂ ಇಲ್ಲ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ನರವೊಂದು ಒತ್ತಡಕ್ಕೆ ಸಿಕ್ಕಿದೆ, ಅದರ ವ್ಯಾಪ್ತಿ ಉಂಗುರ ಬೆರಳಿನ ಮಧ್ಯಕ್ಕೆ ಮುಗಿಯುತ್ತದೆ, ಆಚೆಯದ್ದು ಇನ್ನೊಂದು ನರದ್ದು ಎಂದು ಡಾಕ್ಟರು ವಿವರಿಸಿದರಂತೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೂ ಇದು ಬರುತ್ತದೆ, ಕಂಪ್ಯೂಟರೊಂದನ್ನೇ ದೂರಬೇಡಿ ಎಂದೂ ಹೇಳಿದರಂತೆ. ಕಚೇರಿಯಲ್ಲಿ ಇದು ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಒಂದೇ ಬೆರಳಿನ ಮೇಲೆ ಎರಡು ಕಚೇರಿಗಳ ಸರಹದ್ದು, "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಹಿಂಬರಹ, ಇವೆಲ್ಲ ನಮಗೆ ದಿನನಿತ್ಯದ ವ್ಯವಹಾರ.

ಒಮ್ಮೆ ನಮಗೆಲ್ಲ ತರಬೇತಿಯೂ ಆಯಿತು. ಸರಿಯಾಗಿ ಕೂರುವುದು ಹೇಗೆ ಎಂಬ ವಿಷಯದ ಮೇಲೆ, ಊಟದ ಬಿಡುವು ಕಳೆದು ದಿನವಿಡೀ, ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಮ್ಮನ್ನು ಕೂರಿಸಿದರು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಅರ್ಧಕ್ಕರ್ಧ ಮರೆಯುತ್ತೇವೆ, ಕಣ್ಣುರಿಯುವುದು ಅದಕ್ಕೇ. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಎಂದರು. ಒಳ್ಳೆಯ ಸಲಹೆ. ಆದರೆ ನನ್ನ ಸೀಟಿನಿಂದ ಇಪ್ಪತ್ತು ಅಡಿ ದೂರಕ್ಕೆ ಬರುವುದು ಕೌಂಟರಿನ ಸರತಿ ಸಾಲು. ಸಾಲಿನಲ್ಲಿ ನಿಂತವರ ಮುಖವನ್ನು ಕೆಲಸ ನಿಲ್ಲಿಸಿ ಇಪ್ಪತ್ತು ಸೆಕೆಂಡು ಸುಮ್ಮನೆ ನೋಡುತ್ತ ಕೂತರೆ ಆಗುವ ಪರಿಣಾಮವನ್ನು ತಜ್ಞರು ಊಹಿಸಿರಲಿಲ್ಲ. ಹಾಗೆ ನಾನು ನೋಡಿದ ಒಬ್ಬ ನೇರ ಬಂದು, "ಏನ್ ಸಾರ್, ನನ್ ಮುಖ ನೋಡಿದ್ರೆ ಕೊಡೋ ಪಾರ್ಟಿ ತರ ಕಾಣ್ತೀನಾ?" ಎಂದು ಕೇಳಿದ.

ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಎಂಬುದು ಇನ್ನೊಂದು ಸಲಹೆ. ಒಂದೇ ಭಂಗಿಯಲ್ಲಿ ಎಷ್ಟು ಚೆನ್ನಾಗಿ ಕೂತರೂ ಅದು ಕೆಟ್ಟದ್ದೇ, ಬದಲಾಯಿಸುತ್ತಿರುವುದೇ ಮದ್ದು ಎಂದು ಫಿಜಿಯೊ ಹುಡುಗಿಯೂ ಹೇಳಿದ್ದಳು. ಒಪ್ಪಿದೆ. ಆದರೆ ಈ ನಾಡಿನಲ್ಲಿ ಸರ್ಕಾರಿ ನೌಕರನ ಮೇಲೆ ಬರುವ ಮೊದಲ ಆರೋಪವೇ "ಸೀಟಲ್ಲಿ ಇರೋದಿಲ್ಲ" ಎಂಬುದು. ಲಂಚಕ್ಕಿಂತ ಅದು ಹಳೆಯ ಆರೋಪ. ಸೀಟಲ್ಲಿ ಇರುವುದೇ ಕೆಲಸದ ಅಳತೆಯಾಗಿರುವಾಗ ಎದ್ದವನು ಕಳ್ಳ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದು ಹೇಳಿತ್ತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳ 2018ರಲ್ಲಿ ಅಂಗಡಿ ನೌಕರರಿಗೂ ಕೂರುವ ಹಕ್ಕು ಕೊಟ್ಟಿತು, 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಬಹಳ ನ್ಯಾಯ. ಕೂತವರನ್ನು ಎಬ್ಬಿಸುವ ಮಾತು ಬಂದದ್ದು ಯುರೋಪಿನಲ್ಲಿ: ಪರದೆಯ ಮುಂದಿನ ಕೆಲಸಕ್ಕೆ ಆಗಾಗ ಬಿಡುವೋ ಕೆಲಸದ ಬದಲಾವಣೆಯೋ ಇರಲೇಬೇಕೆಂದು ಅಲ್ಲಿಯ ಒಕ್ಕೂಟ 1990ರಲ್ಲೇ ನಿರ್ದೇಶನ ಹೊರಡಿಸಿತು. ನಮ್ಮ ಕಚೇರಿಯಲ್ಲಿ ಆ ನಿರ್ದೇಶನವನ್ನು ಪಾಲಿಸುತ್ತಿರುವುದು ಸರ್ವರ್. ಅದು ಡೌನ್ ಆದ ಕ್ಷಣ ಎಲ್ಲರ ಹೆಗಲೂ ಇಳಿಯುತ್ತವೆ, ಕತ್ತುಗಳು ಲಟಲಟ ಎನ್ನುತ್ತವೆ, ಕಣ್ಣುಗಳು ಕಿಟಕಿಯಾಚೆಯ ಹಲಸಿನ ಮರದ ಮೇಲೆ ಹೋಗುತ್ತವೆ, ಬೈಟು ಕಾಫಿಗೆ ಕಾಲುಗಳು ಹೊರಡುತ್ತವೆ. ಸಾರ್ವಜನಿಕರು ಸರ್ವರನ್ನು ಬೈಯುವಾಗ ನಾವು ಬಾಯಲ್ಲಿ ದನಿಗೂಡಿಸುತ್ತೇವೆ, ಸ್ನಾಯುಗಳಲ್ಲಿ ಸುಮ್ಮನಿರುತ್ತೇವೆ.

ನಮಗಿಂತ ಮುಂಚೆಯೂ ಇದನ್ನು ಅನುಭವಿಸಿದವರಿದ್ದಾರೆ ಎನ್ನುವುದು ಸಮಾಧಾನ. ಓಲೆಗರಿಯ ಮೇಲೆ ಕಂಟದಿಂದ ಕೊರೆದು ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯ ಗರಿಯಲ್ಲಿ ಒಂದು ಸಂಸ್ಕೃತ ಶ್ಲೋಕ ಬರೆದಿಡುವ ರೂಢಿಯಿತ್ತು. ಬೆನ್ನು, ಸೊಂಟ, ಕತ್ತು ಮುರಿದು, ತಲೆ ತಗ್ಗಿಸಿ, ನೆಟ್ಟ ನೋಟದಲ್ಲಿ, ಕಷ್ಟಪಟ್ಟು ಇದನ್ನು ಬರೆದಿದ್ದೇನೆ, ಜೋಪಾನ ಮಾಡಿ ಎಂಬುದು ಅದರ ತಾತ್ಪರ್ಯ. ನಮ್ಮ ಫಿಜಿಯೊಥೆರಪಿಯ ಕೇಸ್ ಶೀಟಿನಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ. ಇಟಲಿಯ ವೈದ್ಯ ಬರ್ನಾರ್ದಿನೊ ರಾಮಜ್ಜಿನಿ 1700ರಲ್ಲಿ ಕಸುಬುಗಳ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. 1713ರ ಆವೃತ್ತಿಯಲ್ಲಿ ಗುಮಾಸ್ತರಿಗೂ ಒಂದು ಅಧ್ಯಾಯ ಸೇರಿಸಿದ. ಎಡೆಬಿಡದೆ ಕೂರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು, ಲೆಕ್ಕ ತಪ್ಪಿ ಧಣಿಗೆ ನಷ್ಟವಾದೀತೆಂಬ ಮನಸ್ಸಿನ ಬಿಗಿ, ಈ ಮೂರೇ ಕಾರಣ ಎಂದ. ಅವನಿಗೆ ಪರಿಚಯದ ಒಬ್ಬ ಬರಹಗಾರನಿಗೆ ಬರೆದೂ ಬರೆದೂ ಬಲಗೈ ಬಿದ್ದುಹೋಯಿತಂತೆ. ಛಲ ಬಿಡದೆ ಎಡಗೈಯಲ್ಲಿ ಬರೆಯಲು ಕಲಿತ. ಸ್ವಲ್ಪ ಕಾಲಕ್ಕೆ ಅದಕ್ಕೂ ಅದೇ ಆಯಿತು. ಅವನ ಅಮ್ಮ ಏನೆಂದಳೋ ರಾಮಜ್ಜಿನಿ ಬರೆದಿಲ್ಲ.

ಹೊಸ ಕುರ್ಚಿ ಕೇಳಿ ಫೈಲು ಮಂಡಿಸಿದ್ದೂ ಉಂಟು. ಮೂರು ಕೊಟೇಶನ್ ತರಿಸಿದೆವು. "ಸದರಿ ನೌಕರರ ದರ್ಜೆಗೆ ತಿರುಗುವ ಕುರ್ಚಿಯ ಅವಶ್ಯಕತೆಯನ್ನು ಸಮರ್ಥಿಸಿ ಮರುಮಂಡಿಸುವುದು" ಎಂಬ ಷರಾದೊಂದಿಗೆ ಅದು ವಾಪಸು ಬಂತು. ಸಮರ್ಥಿಸುವ ಟಿಪ್ಪಣಿ ಟೈಪ್ ಮಾಡುತ್ತಲೇ ಸೂಪರಿಂಟೆಂಡೆಂಟರ ಸೊಂಟ ಹಿಡಿದುಕೊಂಡಿತು.

ಆಗ ಬೆಳಕಿಗೆ ಬಂದವನು ನಮ್ಮ ಅಟೆಂಡರ್. ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕು ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ಅವನು ಹಾಗೆ ಹುಟ್ಟಿದವನು. ಸೂಪರಿಂಟೆಂಡೆಂಟರು ಮೇಜು ಹಿಡಿದು ಬಗ್ಗಿದವರು ಹಾಗೇ ನಿಂತಿದ್ದರು. ನೆಟ್ಟಗಾಗಲೂ ಆಗದು, ಕೂರಲೂ ಆಗದು. ಅಟೆಂಡರ್ ಹಿಂದೆಮುಂದೆ ನೋಡಿದ. "ಸಾರ್, ಆಮೇಲೆ ನೋಟಿಸ್ ಕೊಡಬಾರ್ದು ನೀವು." ನಡತೆ ನಿಯಮಗಳಲ್ಲಿ ಮೇಲಧಿಕಾರಿಯನ್ನು ಒದೆಯುವ ಬಗ್ಗೆ ಸ್ಪಷ್ಟ ಅವಕಾಶ ಇಲ್ಲದ್ದರಿಂದ ಅವರು ನೋವಿನಲ್ಲೂ ಯೋಚಿಸಿ, "ಮೌಖಿಕ ಆದೇಶ ಅಂತ ತಿಳ್ಕೋಪ್ಪಾ" ಎಂದರು. ಅವನು ಚಪ್ಪಲಿ ಬಿಟ್ಟು, ನೆಲ ಮುಟ್ಟಿ ನಮಸ್ಕಾರ ಮಾಡಿ, ಎಡಗಾಲಿನಿಂದ ಮೆಲ್ಲಗೆ ಮೂರು ಬಾರಿ ಒದ್ದ. ಮೂರನೆಯದು ಅಷ್ಟು ಮೆಲ್ಲಗಿರಲಿಲ್ಲ. ತಡೆಹಿಡಿದ ವಾರ್ಷಿಕ ವೇತನ ಬಡ್ತಿ ಅದರಲ್ಲಿತ್ತು. ಸೂಪರಿಂಟೆಂಡೆಂಟರು "ಅಯ್ಯೋ" ಎಂದು ನೆಟ್ಟಗಾದರು.

ಫಿಜಿಯೊ ಹುಡುಗಿಗೆ ಇದನ್ನು ಹೇಳಿದಾಗ ಅವಳು ತಲೆಯ ಮೇಲೆ ಕೈಯಿಟ್ಟುಕೊಂಡಳು. ಡಿಸ್ಕ್ ಜಾರಿದ್ದರೆ ಆ ಒದೆಯಿಂದ ಕಾಲೇ ಹೋಗಬಹುದಿತ್ತು, ಇಂಥ ನೋವು ಬಹಳ ಸಲ ತಾನಾಗಿ ಕಡಿಮೆಯಾಗುತ್ತದೆ, ಹೆಸರು ಒದ್ದವನಿಗೆ ಹೋಗುತ್ತದೆ ಎಂದಳು. ನಾನು ಇದನ್ನು ಕಚೇರಿಯಲ್ಲಿ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಫಿಜಿಯೊಥೆರಪಿಗೆ ಜಿಲ್ಲಾ ಕೇಂದ್ರಕ್ಕೆ ಬಸ್ ಹಿಡಿಯಬೇಕು, ಅರ್ಧ ದಿನ ರಜೆ ಬೇಕು, ಹತ್ತು ಸಿಟ್ಟಿಂಗ್ ಬೇಕು, ಒದೆ ಕೈಗೆಟುಕುವಂತಿತ್ತು. ಊಟದ ಬಿಡುವಿನಲ್ಲಿ ರೆಕಾರ್ಡ್ ರೂಮಿನ ಮುಂದೆ ಸಣ್ಣ ಸಾಲು ನಿಲ್ಲತೊಡಗಿತು. ಪಕ್ಕದ ಕಚೇರಿಯವರೂ ಬಂದರು. ಟೀ ತರಲು ಅವನನ್ನು ಕಳಿಸುವುದನ್ನು ನಿಲ್ಲಿಸಿ ಅವನಿಗೇ ತರಿಸಿಕೊಡುವ ಮಟ್ಟಕ್ಕೆ ಬಂತು.

ಅಷ್ಟರಲ್ಲಿ ಅವನಿಗೆ ಬಡ್ತಿ ಬಂತು. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನೂ ಪಾಸು ಮಾಡಿ ದ್ವಿತೀಯ ದರ್ಜೆ ಸಹಾಯಕನಾದ. ಟಪಾಲು ಮೇಜು ಕೊಟ್ಟರು. ಅದೇ ಸಾಗುವಾನಿ, ಅದೇ ಎತ್ತರ. ಮಳೆಗಾಲ ಮುಗಿಯುವುದರೊಳಗೆ ಒಂದು ಮಧ್ಯಾಹ್ನ ಮೌಸ್ ಕಡೆ ಕೈ ಚಾಚಿದವನು ಹಾಗೇ ನಿಂತುಬಿಟ್ಟ. ಸೊಂಟ. ನಾವೆಲ್ಲ ಸುತ್ತ ನೆರೆದೆವು. ತನ್ನ ಕಾಲು ತನ್ನ ಬೆನ್ನಿಗೆ ಎಟುಕುವುದಿಲ್ಲ ಎಂಬ ಸತ್ಯ ಅವನ ಮುಖದಲ್ಲಿತ್ತು. ಸೂಪರಿಂಟೆಂಡೆಂಟರು ಹಳೆಯ ಋಣ ನೆನೆದು ಬೀರು ತೆಗೆಸಿ ಎಲ್ಲರ ಸೇವಾ ಪುಸ್ತಕಗಳನ್ನೂ ತಿರುವಿಸಿದರು. ಎತ್ತರ ಇದೆ, ಗುರುತಿನ ಮಚ್ಚೆ ಇದೆ, ತಂದೆಯ ಹೆಸರಿದೆ, ಹೆಬ್ಬೆರಳಿನ ಗುರುತೂ ಇದೆ. ಹುಟ್ಟುವಾಗ ಯಾವ ಕಡೆಯಿಂದ ಬಂದರು ಎಂಬ ಕಾಲಂ ಇಲ್ಲ. ಕಡೆಗೆ ಯಾರಿಗೋ ಹೊಳೆದು, ಹೊಸದಾಗಿ ಗ್ರೂಪ್ ಡಿಗೆ ಸೇರಿದ್ದ ಹುಡುಗಿಯನ್ನು ಕರೆದು ಕೇಳಿದರು.

"ಗೊತ್ತಿಲ್ಲ ಸಾರ್," ಎಂದಳು ಆಕೆ. "ನಂದು ಸಿಸೇರಿಯನ್."